ಮೊಲ ತರುವ ಮುನ್ನ ತಳಿ ಕೇಳಿ

ಮನುಷ್ಯರ ಜಾತಿ ಕೇಳುವುದು ತಪ್ಪು. ಆದರೆ ಮೊಲದ ಜಾತಿ ಕೇಳದೆ ಮನೆಗೆ ತರುವುದೂ ತಪ್ಪೇ. ಹೀಗೆಂದರೆ ನಿಮಗೆ ನಗು ಬರಬಹುದು. ಒಂದು ಕಾಲಕ್ಕೆ ನಾನೂ ನಕ್ಕವಳೇ.

ಬೇಸಿಗೆ ರಜ ಬಂತೆಂದರೆ ಮಕ್ಕಳ ಹಟ ಶುರು. ಜಾತ್ರೆಯಲ್ಲೋ ಸಂತೆಯಲ್ಲೋ ಬುಟ್ಟಿಯೊಳಗೆ ಕೂತ ಮೊಲದ ಮರಿ ಕಂಡರೆ ಮುಗೀತು, "ಅಮ್ಮಾ, ಒಂದೇ ಒಂದು!" ನಮ್ಮ ಮನಸ್ಸೂ ಕರಗುತ್ತದೆ. ಹಾಗೆ ಕರಗಿ ನಮ್ಮ ಮನೆಯಲ್ಲಿ ಏನಾಯಿತು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ.

2016ರ ಬೇಸಿಗೆ. ನಮ್ಮದು ಚಿತ್ರದುರ್ಗದ ಕಡೆಯ ಬಯಲುಸೀಮೆ ಊರು. ಏಪ್ರಿಲ್ ಬಿಸಿಲು ಹೇಗಿರುತ್ತದೆಂದು ಆ ಕಡೆಯವರಿಗೆ ಹೇಳಬೇಕಾಗಿಲ್ಲ. ಆರನೇ ಕ್ಲಾಸು ಮುಗಿಸಿದ್ದ ಮಗಳು ಜಾತ್ರೆಯಿಂದ ಉದ್ದ ಕೂದಲಿನ ಬೆಳ್ಳನೆ ಮೊಲವೊಂದನ್ನು ತಂದಳು. ಹಿಂಜಿದ ಹತ್ತಿಯ ಉಂಡೆಯ ಹಾಗಿತ್ತು. ಅದಕ್ಕೇ 'ಅರಳೆ' ಅಂತ ಹೆಸರಿಟ್ಟಳು. ಯಾವ ತಳಿ, ಎಲ್ಲಿಂದ ಬಂತು, ನಾವು ಕೇಳಲಿಲ್ಲ. ಮಾರುವವನೂ ಹೇಳಲಿಲ್ಲ. ಮನೆಯೊಳಗೆ ವಾಸನೆ ಬೇಡ ಅಂದರು ಅತ್ತೆ. ಮಹಡಿ ಮೇಲಿನ ಶೀಟಿನ ಕೆಳಗೆ ಗೂಡು ಇಟ್ಟೆ.

ಒಂದು ಮಧ್ಯಾಹ್ನ ಹತ್ತಿರದವರ ಮನೆ ಸೀಮಂತಕ್ಕೆ ಹೋಗಿ ನಾಲ್ಕು ಗಂಟೆಗೆ ಬಂದೆ. ಅರಳೆ ಕಾಲು ಚಾಚಿ ಮಲಗಿ ಬಾಯಿ ತೆರೆದು ಉಸಿರು ಎಳೀತಿತ್ತು. ಒದ್ದೆ ಬಟ್ಟೆ ಸುತ್ತಿಕೊಂಡು ಪಶು ಆಸ್ಪತ್ರೆಗೆ ಓಡಿದೆವು. ಡಾಕ್ಟರು ಕೂದಲು ಸರಿಸಿ ನೋಡಿ, "ಅಮ್ಮಾ, ಇದು ಅಂಗೋರಾ. ತಣ್ಣನೆ ಬೆಟ್ಟದೂರಿನಲ್ಲಿ ಇರಬೇಕಾದದ್ದು" ಅಂದರು. ಅಷ್ಟರಲ್ಲಿ ಅದು ಹೋಗಿತ್ತು. ದಾರಿಯಲ್ಲಿ ಮಗಳು ಕೇಳಿದ್ದು ಒಂದೇ ಮಾತು: "ಅದಕ್ಕೆ ಸೆಕೆ ಆಗ್ತಿದೆ ಅಂತ ನಿಂಗೆ ಗೊತ್ತಿರ್ಲಿಲ್ವಾ ಅಮ್ಮ?" ನನ್ನ ಹತ್ತಿರ ಉತ್ತರ ಇರಲಿಲ್ಲ.

ಆಮೇಲೆ ಡಾಕ್ಟರನ್ನು ಕೇಳಿ, ಪುಸ್ತಕ ಓದಿ ತಿಳಿದುಕೊಂಡದ್ದನ್ನು ನಿಮ್ಮ ಮುಂದಿಡುತ್ತಿದ್ದೇನೆ. ನಮ್ಮ ಮನೆಯ ತಪ್ಪು ನಿಮ್ಮ ಮನೆಯಲ್ಲಿ ಆಗದಿರಲಿ.

ಮೊದಲು ಒಂದು ಮಾತು. ಹೊಲದಲ್ಲಿ ಸಿಗುವ ಕಾಡುಮೊಲವೇ ಬೇರೆ, ಸಾಕುಮೊಲವೇ ಬೇರೆ. ಕಾಡುಮೊಲದ ಮರಿ ಹುಟ್ಟುವಾಗಲೇ ಮೈತುಂಬ ಕೂದಲು, ಕಣ್ಣೂ ತೆರೆದಿರುತ್ತದೆ. ಸಾಕುಮೊಲದ ಮರಿಗೆ ಕೂದಲೂ ಇಲ್ಲ, ಹತ್ತು ದಿನದವರೆಗೆ ಕಣ್ಣೂ ಇಲ್ಲ. ಕಾಡುಮೊಲವನ್ನು ಹಿಡಿಯುವುದು 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅಪರಾಧ. ಮಕ್ಕಳು ಎತ್ತಿಕೊಂಡು ಬಂದರೆ ಸಿಕ್ಕ ಜಾಗಕ್ಕೇ ಬಿಟ್ಟು ಬರಲು ಹೇಳಿ. ಸಾಕುಮೊಲಗಳ ಮೂಲ ಸ್ಪೇನ್, ಪೋರ್ಚುಗಲ್ ಕಡೆಯ ಒಂದೇ ಕುಲ. ಗಾತ್ರ, ಬಣ್ಣ, ಕಿವಿ ಎಷ್ಟೇ ಬೇರೆಯಾದರೂ ಎಲ್ಲವೂ ಅದರ ಸಂತಾನವೇ.

ಈಗ ತಳಿಗಳಿಗೆ ಬರೋಣ.

ನ್ಯೂಜಿಲೆಂಡ್ ವೈಟ್: ಪೂರ್ತಿ ಬಿಳಿ, ಕೆಂಪು ಕಣ್ಣು. ಹೆಸರು ನ್ಯೂಜಿಲೆಂಡ್ ಆದರೂ ಬೆಳೆಸಿದ್ದು ಅಮೆರಿಕದಲ್ಲಿ. ಬೆಳೆದಾಗ 4ರಿಂದ 5 ಕಿಲೋ ತೂಗುತ್ತದೆ. "ಕಣ್ಣು ಕೆಂಪಾಗಿದೆ, ರೋಗವೇನೋ" ಅಂತ ಹೆದರಬೇಡಿ, ಅದು ಹುಟ್ಟಿನ ಬಣ್ಣ.

ಕ್ಯಾಲಿಫೋರ್ನಿಯನ್: ಮೈ ಬಿಳಿ. ಮೂಗು, ಕಿವಿ, ಪಾದ, ಬಾಲ ಕಪ್ಪು. ಇದೂ ದಪ್ಪ ಮೈಯದು, ಸುಮಾರು 4 ಕಿಲೋ.

ಹಿಮಾಲಯನ್: ಬಣ್ಣ ಕ್ಯಾಲಿಫೋರ್ನಿಯನ್ ಹಾಗೇ. ಆದರೆ ತೆಳ್ಳನೆ ಉದ್ದ ಮೈ, 2 ಕಿಲೋ ಒಳಗೆ. ಇದರಲ್ಲೊಂದು ವಿಚಿತ್ರ ಇದೆ. ಮೈಯ ಯಾವ ಭಾಗ ತಣ್ಣಗಿರುತ್ತದೋ ಅಲ್ಲಿ ಮಾತ್ರ ಕಪ್ಪು ಬಣ್ಣ ಹುಟ್ಟುತ್ತದೆ. ಮೂಗು, ಕಿವಿ, ಪಾದ ಉಳಿದ ಮೈಗಿಂತ ತಂಪಲ್ಲವೇ, ಅದಕ್ಕೇ ಅವು ಕಪ್ಪು.

ಸೋವಿಯತ್ ಚಿಂಚಿಲ್ಲಾ: ಬೂದಿ ಬಣ್ಣ. ಕೂದಲನ್ನು ಊದಿ ನೋಡಿದರೆ ಬುಡದಿಂದ ತುದಿಯವರೆಗೆ ಬೇರೆ ಬೇರೆ ಬಣ್ಣದ ಪಟ್ಟೆ ಕಾಣುತ್ತದೆ. ದೊಡ್ಡ ತಳಿ. ನಮ್ಮ ದೇಶದ ಫಾರಂಗಳಲ್ಲಿ ಇದನ್ನೂ ವೈಟ್ ಜೈಂಟ್ ಎಂಬುದನ್ನೂ ಸಾಕುತ್ತಾರೆ. ಕೊಡೈಕೆನಾಲ್ ಬಳಿಯ ಮನ್ನವನೂರಿನ ಸರ್ಕಾರಿ ಸಂಶೋಧನಾ ಕೇಂದ್ರದಲ್ಲಿ ಈ ಎರಡೂ ತಳಿಗಳಿವೆ.

ಡಚ್: ಮುಖದ ನಡುವೆ ಬಿಳಿ ನಾಮ, ಭುಜಕ್ಕೆ ಬಿಳಿ ಪಟ್ಟಿ, ಹಿಂಭಾಗ ಕಪ್ಪು ಅಥವಾ ಕಂದು. 2ರಿಂದ 2.5 ಕಿಲೋ. ಸಾಧು ಸ್ವಭಾವದ್ದು ಅಂತ ಹೆಸರು. ಮಕ್ಕಳಿರುವ ಮನೆಗೆ ಗಾತ್ರವೂ ಸರಿಹೋಗುತ್ತದೆ.

ಲಾಪ್: ಮೇಕೆಯ ಹಾಗೆ ಕಿವಿ ಜೋತುಬಿದ್ದಿರುತ್ತದೆ. ಹಾಲೆಂಡ್ ಲಾಪ್ ಎಂಬುದು 2 ಕಿಲೋ ಮೀರದು. ಜೋತ ಕಿವಿಯೊಳಗೆ ಗಾಳಿಯಾಡುವುದು ಕಡಿಮೆ. ವಾರಕ್ಕೊಮ್ಮೆ ಕಿವಿ ಎತ್ತಿ ನೋಡಬೇಕು.

ನೆದರ್‌ಲ್ಯಾಂಡ್ ಡ್ವಾರ್ಫ್: ಎಲ್ಲಕ್ಕಿಂತ ಪುಟ್ಟದು, ಸುಮಾರು 1 ಕಿಲೋ. ದುಂಡು ತಲೆ, ಗಿಡ್ಡ ಕಿವಿ.

ಫ್ಲೆಮಿಶ್ ಜೈಂಟ್: ಬೆಲ್ಜಿಯಂ ಕಡೆಯ ದೈತ್ಯ. 6 ಕಿಲೋ ದಾಟುತ್ತದೆ. ಎತ್ತಿಕೊಂಡರೆ ವರ್ಷದ ಕೂಸು ಎತ್ತಿದ ಹಾಗೆ.

ಅಂಗೋರಾ: ಕೊನೆಗೆ ನಮ್ಮ ಅರಳೆಯ ತಳಿ. ಟರ್ಕಿಯ ಅಂಕಾರಾದ ಹಳೆ ಹೆಸರಿನಿಂದ ಬಂದ ಹೆಸರು. ಉಣ್ಣೆಗಾಗಿಯೇ ಸಾಕುವ ಮೊಲ. ಮೂರು ತಿಂಗಳಿಗೊಮ್ಮೆ ಉಣ್ಣೆ ಕತ್ತರಿಸುತ್ತಾರೆ. ಹಿಮಾಚಲದ ಕುಲ್ಲು ಕಣಿವೆಯಂಥ ಚಳಿಯ ಕಡೆ ಇದರ ಸಾಕಣೆ ಇದೆ. ಬಾಚದಿದ್ದರೆ ಕೂದಲು ಗಂಟಾಗುತ್ತದೆ, ಬಿಸಿಲೂರಿನಲ್ಲಿ ಅದೇ ಕೂದಲು ಯಮ. ಯಾಕೆಂದರೆ ಮೊಲ ನಮ್ಮ ಹಾಗೆ ಬೆವರುವುದಿಲ್ಲ. ಮೈ ಬಿಸಿ ಹೊರಹೋಗುವುದು ಹೆಚ್ಚಾಗಿ ಕಿವಿಯಿಂದ. ಉಣ್ಣೆಯ ಕಂಬಳಿ ಹೊದಿಸಿ ಶೀಟಿನ ಕೆಳಗೆ ಕೂರಿಸಿದರೆ ಏನಾದೀತು, ನೀವೇ ಯೋಚಿಸಿ. ನಾನು ಮಾಡಿದ್ದು ಅದನ್ನೇ.

ಮಾರುವವರ ಮಾತನ್ನು ಪೂರ್ತಿ ನಂಬಬೇಡಿ. ತಾನು ಹಿಡಿದ ಮೊಲಕ್ಕೆ ಮೂರೇ ಕಾಲು ಅನ್ನುವುದು ಅವರಿಗೂ ಸಲ್ಲುತ್ತದೆ. "ಇದು ಇಷ್ಟೇ ಇರುತ್ತೆ ಅಕ್ಕಾ, ಬೆಳೆಯೋದಿಲ್ಲ" ಅಂತ ಕೊಟ್ಟ ಮರಿ ಆರು ತಿಂಗಳಿಗೆ 4 ಕಿಲೋ ಆದದ್ದನ್ನು ನಾದಿನಿಯ ಮನೆಯಲ್ಲೇ ಕಂಡಿದ್ದೇನೆ. ಮರಿ ಎಲ್ಲ ತಳಿಯದೂ ಪುಟ್ಟದೇ. ಸಾಧ್ಯವಾದರೆ ತಾಯಿ ಮೊಲವನ್ನು ನೋಡಿ ತನ್ನಿ. ಎಂಟು ವಾರ ತುಂಬದ ಮರಿ ಬೇಡ. ನಮ್ಮ ಪೇಟೆಗಳಲ್ಲಿ ಸಿಗುವುದು ಬಹುಪಾಲು ಬೆರಕೆ. ಅದರಲ್ಲಿ ತಪ್ಪೇನಿಲ್ಲ. ಗಿಡ್ಡ ಕೂದಲಿನ ಬೆರಕೆಯೇ ನಮ್ಮ ಬಿಸಿಲಿಗೆ ಎಷ್ಟೋ ವಾಸಿ.

ಜೋಡಿ ತರುವಿರಾದರೆ ಗಂಡು ಹೆಣ್ಣು ಡಾಕ್ಟರಿಂದಲೇ ತಿಳಿದುಕೊಳ್ಳಿ. ಗರ್ಭ ಕೇವಲ 31 ದಿನ. ಹೆತ್ತ ಮರುದಿನವೇ ಮತ್ತೆ ಗರ್ಭ ಕಟ್ಟಬಲ್ಲದು. ತಾಯಿ ಮರಿಗಳ ಹತ್ತಿರ ಸುಳಿಯುತ್ತಿಲ್ಲ ಅಂತ ಗಾಬರಿಯಾಗಿ ಬೇರೆ ಹಾಲು ಕುಡಿಸಬೇಡಿ. ಅದು ದಿನಕ್ಕೆ ಒಂದೆರಡು ಸಲ, ಕೆಲವೇ ನಿಮಿಷ ಹಾಲೂಡಿಸಿ ಹೋಗುತ್ತದೆ. ಮರಿಯ ಹೊಟ್ಟೆ ದುಂಡಗಿದ್ದರೆ ಹಾಲು ಕುಡಿದಿದೆ ಅಂತಲೇ ತಿಳಿಯಿರಿ.

ಯಾವ ತಳಿಯಾದರೂ ಊಟಕ್ಕೆ ಹುಲ್ಲೇ ಮುಖ್ಯ. ಹಲ್ಲು ಬದುಕಿಡೀ ಬೆಳೆಯುತ್ತಲೇ ಇರುತ್ತದೆ, ಹುಲ್ಲು ಅಗಿದರೇ ಸವೆಯುವುದು. ಗರಿಕೆ, ಒಣಹುಲ್ಲು ಸದಾ ಇರಲಿ. ಗಜ್ಜರಿ ಒಂದು ಚೂರು ಸಾಕು. ಅನ್ನ, ಬಿಸ್ಕತ್ತು ಬೇಡವೇ ಬೇಡ. ಎತ್ತುವಾಗ ಕಿವಿ ಹಿಡಿಯಬಾರದು, ಎದೆಗೊಂದು ಕೈ, ಹಿಂಭಾಗಕ್ಕೊಂದು ಕೈ ಕೊಡಿ.

ಬೇಸಿಗೆಯಲ್ಲಿ 30 ಡಿಗ್ರಿ ದಾಟಿದರೆ ಯಾವ ಮೊಲಕ್ಕೂ ಕಷ್ಟ. ಗೂಡನ್ನು ಮನೆಯ ತಂಪಾದ ಮೂಲೆಗೆ ತನ್ನಿ. ಗೋಣಿತಾಟು ನೆನೆಸಿ ಇಳಿಬಿಡಿ, ಆದರೆ ಗಾಳಿ ಕಟ್ಟಬಾರದು. ಹಳೆ ಮಣ್ಣಿನ ಮಡಕೆಯನ್ನು ಅಡ್ಡ ಮಲಗಿಸಿಟ್ಟರೆ ಅದರೊಳಗೆ ಹೋಗಿ ಹಾಯಾಗಿ ಕೂರುತ್ತದೆ. ಏದುಸಿರು ಕಂಡರೆ ಕಿವಿಗೆ ಒದ್ದೆ ಬಟ್ಟೆ ಒತ್ತುತ್ತಾ ತಕ್ಷಣ ಡಾಕ್ಟರ ಬಳಿಗೆ ಹೋಗಿ. ಐಸ್ ನೀರಿಗೆ ಮಾತ್ರ ಅದ್ದಬೇಡಿ.

ಅರಳೆ ಹೋದ ಮೇಲೆ ಎರಡು ವರ್ಷ ನಮ್ಮ ಮನೆಗೆ ಮೊಲ ಬರಲಿಲ್ಲ. ಆಮೇಲೆ ಬಂದದ್ದು ಪರಿಚಯದವರ ಮನೆಯ ಡಚ್ ಬೆರಕೆ. ತಾಯಿಯನ್ನು ನೋಡಿಯೇ ತಂದದ್ದು. ಗೂಡು ಈಗ ಅಡುಗೆಮನೆ ಪಕ್ಕದ ಪಡಸಾಲೆಯಲ್ಲಿದೆ, ದಿನವೂ ಕಸ ತೆಗೆಯುತ್ತೇನೆ. ಅತ್ತೆಯವರೇ ಗರಿಕೆ ಕಿತ್ತು ತರುತ್ತಾರೆ! ಮಗಳು ಕಾಲೇಜು ಸೇರಿ ಊರು ಬಿಟ್ಟಿದ್ದಾಳೆ. ಏಪ್ರಿಲ್ ಬಂದರೆ ಫೋನಿನಲ್ಲಿ ಅವಳ ಮೊದಲ ಮಾತು, "ಅಮ್ಮಾ, ಮಡಕೆ ಇಟ್ಟಿಯಾ?"

ಇಟ್ಟಿದ್ದೇನೆ ಕಂದಾ, ಅಂತೀನಿ. ಈಗ ಆ ಉತ್ತರ ನನ್ನ ಹತ್ತಿರ ಇದೆ.