ಹುದ್ದೆ ಭರ್ತಿ, ತರಗತಿ ಖಾಲಿ

ಗಡಿನಾಡಿನ ಕನ್ನಡ ಶಾಲೆಗಳ ಕೊರತೆ ಎರಡು ಬಗೆಯದು. ಅಧ್ಯಾಪಕರೇ ಇಲ್ಲದಿರುವುದು ಒಂದು. ಅಧ್ಯಾಪಕರಿದ್ದೂ ಅವರಿಗೆ ಕನ್ನಡ ಬಾರದಿರುವುದು ಇನ್ನೊಂದು. ಮೊದಲನೆಯದು ಎಲ್ಲರ ಕಣ್ಣಿಗೂ ಬೀಳುತ್ತದೆ. ಎರಡನೆಯದು ಕಡತದಲ್ಲಿ ಕಾಣುವುದೇ ಇಲ್ಲ. ಹುದ್ದೆ ಭರ್ತಿಯಾಗಿದೆ, ಹಾಜರಿ ಸರಿಯಾಗಿದೆ, ಸಂಬಳ ಸಲ್ಲುತ್ತಿದೆ. ಮಕ್ಕಳಿಗೆ ಮಾತ್ರ ಪಾಠ ತಿಳಿಯುತ್ತಿಲ್ಲ. ಈ ಎರಡನೆಯದೇ ಹೆಚ್ಚು ಅಪಾಯಕಾರಿ ಎಂದು ನಾವು ಭಾವಿಸುತ್ತೇವೆ. ಖಾಲಿ ಹುದ್ದೆಗಾಗಿ ಅರ್ಜಿ ಹಾಕಬಹುದು, ಭರ್ತಿಯಾದ ಹುದ್ದೆಗಾಗಿ ಯಾರನ್ನು ಕೇಳುವುದು?

2018ರಲ್ಲಿ ಮಂಗಲ್ಪಾಡಿಯ ಸರಕಾರಿ ಶಾಲೆಯ ಕನ್ನಡ ಮಾಧ್ಯಮಕ್ಕೆ ಕನ್ನಡವರಿಯದ ಗಣಿತ ಅಧ್ಯಾಪಕರು ಬಂದಾಗ ಮಕ್ಕಳೂ ಹೆತ್ತವರೂ ಬೀದಿಗಿಳಿಯಬೇಕಾಯಿತು. 2023ರಲ್ಲಿ ಆದೂರಿನಲ್ಲಿ ಸಮಾಜ ವಿಜ್ಞಾನದ ಹುದ್ದೆಗೆ ಸಂಬಂಧಿಸಿ ಅದೇ ಕಥೆ. ಐದು ವರ್ಷಗಳ ಅಂತರದಲ್ಲಿ ಒಂದೇ ತಪ್ಪು ಮರುಕಳಿಸಿದರೆ ಅದನ್ನು ಆಕಸ್ಮಿಕವೆನ್ನಲಾಗದು.

ಇದು ಕಾಸರಗೋಡಿನ ಪಾಡು ಮಾತ್ರವೂ ಅಲ್ಲ. 1956ರಲ್ಲಿ ಎಳೆದ ಗೆರೆಯಾಚೆ ಉಳಿದ ಕನ್ನಡಿಗರು ಕೊಲ್ಲಾಪುರ ಜಿಲ್ಲೆಯ ಗಡಹಿಂಗ್ಲಜ, ನೇಸರಿ ಸೀಮೆಯಲ್ಲಿದ್ದಾರೆ. ಸಾಂಗ್ಲಿಯ ಜತ್ತದಲ್ಲಿ, ಸೊಲ್ಲಾಪುರದ ಅಕ್ಕಲಕೋಟೆಯಲ್ಲಿದ್ದಾರೆ. ಜತ್ತ ತಾಲೂಕಿನ ಕನ್ನಡ ಶಾಲೆಗಳಿಗೆ ಮರಾಠಿ ಶಿಕ್ಷಕರನ್ನು ನೇಮಿಸಲಾಗಿದೆ ಎಂಬ ದೂರು 2024ರಲ್ಲಿ ಎದ್ದಿತು. ಇಲ್ಲಿ ಮಲಯಾಳ, ಅಲ್ಲಿ ಮರಾಠಿ. ಮಗುವಿನ ಕಷ್ಟ ಒಂದೇ.

ಕಾನೂನು ನಮ್ಮ ಕಡೆಗಿಲ್ಲವೇ? ಇದೆ. ಸಂವಿಧಾನದ 350ಎ ವಿಧಿ ಭಾಷಾ ಅಲ್ಪಸಂಖ್ಯಾತ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷಾ ಶಿಕ್ಷಣದ ಸೌಕರ್ಯ ಒದಗಿಸಬೇಕೆನ್ನುತ್ತದೆ. ಶಾಲೆಯಲ್ಲಿ ನಲುವತ್ತು ಅಥವಾ ತರಗತಿಯಲ್ಲಿ ಹತ್ತು ಮಕ್ಕಳಿದ್ದರೆ ಅವರ ಭಾಷೆಯಲ್ಲಿ ಪಾಠವಾಗಬೇಕೆಂದು 1949ರಲ್ಲೇ ಪ್ರಾಂತಗಳ ಶಿಕ್ಷಣ ಮಂತ್ರಿಗಳು ಒಪ್ಪಿದ್ದರು. 2009ರ ಶಿಕ್ಷಣ ಹಕ್ಕು ಕಾಯಿದೆಯೂ ಸಾಧ್ಯವಾದಷ್ಟು ಮಟ್ಟಿಗೆ ಮಾತೃಭಾಷೆಯಲ್ಲೇ ಕಲಿಸಬೇಕೆನ್ನುತ್ತದೆ. 350ಎ ಹೈಸ್ಕೂಲಿಗೆ ಅನ್ವಯಿಸದೆಂದು ಯಾರಾದರೂ ವಾದಿಸಿಯಾರು. ಆದರೆ ಏಳನೆಯ ತರಗತಿಯವರೆಗೆ ಕನ್ನಡದಲ್ಲಿ ಲೆಕ್ಕ ಕಲಿತ ಮಗು ಎಂಟನೆಯದರಲ್ಲಿ ಬಾರದ ಭಾಷೆಯಲ್ಲಿ ಬೀಜಗಣಿತ ಕಲಿಯಬೇಕೆಂದರೆ, ಮೊದಲ ಏಳು ವರ್ಷಗಳ ಸೌಕರ್ಯಕ್ಕೆ ಏನರ್ಥ?

ನಮಗೆ ಮಲಯಾಳದ ಮೇಲೆ ದ್ವೇಷವಿಲ್ಲ, ಬಂದ ಅಧ್ಯಾಪಕರ ಮೇಲೆ ಕೋಪವೂ ಇಲ್ಲ. ದೂರದ ಜಿಲ್ಲೆಯಿಂದ ಹೊಟ್ಟೆಪಾಡಿಗೆ ಬಂದವರು ತಮ್ಮ ಮಾತು ಅರ್ಥವಾಗದ ಮಕ್ಕಳೆದುರು ದಿನವಿಡೀ ನಿಲ್ಲುವುದು ಅವರಿಗೂ ಶಿಕ್ಷೆಯೇ. ತಪ್ಪು ಆಯ್ಕೆಯ ಕ್ರಮದಲ್ಲಿದೆ. ಕನ್ನಡ ಬರುವುದಿಲ್ಲವೆಂಬುದು ಶಾಲೆಗೆ ಬಂದ ಮೇಲೆ ಮಕ್ಕಳಿಗೆ ಗೊತ್ತಾಗುವುದಾದರೆ, ಅದಕ್ಕೆ ಮುಂಚೆ ಪರೀಕ್ಷಿಸಿದವರಿಗೆ ಏಕೆ ಗೊತ್ತಾಗಲಿಲ್ಲ? ನೇಮಕವಾದ ಮೇಲೆ ಕೆಲವು ತಿಂಗಳು ಕನ್ನಡ ಕಲಿಸಿ ಕಳುಹಿಸುವುದು ಪರಿಹಾರವಲ್ಲ. ಅಂಗಡಿಯಲ್ಲಿ ವ್ಯಾಪಾರ ಮಾಡಲು ಅಷ್ಟು ಸಾಕಾದೀತು. ಇತಿಹಾಸ ಬೋಧಿಸಲು ಸಾಲದು.

ಆದುದರಿಂದ ನಮ್ಮ ಬೇಡಿಕೆ ಸರಳ. ಕನ್ನಡ ಮಾಧ್ಯಮದ ಹುದ್ದೆಗೆ ಆಯ್ಕೆಯಾಗುವವರು ಕನ್ನಡದಲ್ಲಿ ಬರೆಯಬಲ್ಲರೇ, ಪಾಠ ಹೇಳಬಲ್ಲರೇ ಎಂಬುದನ್ನು ಕನ್ನಡ ಬಲ್ಲ ವಿಷಯತಜ್ಞರೇ ಪರೀಕ್ಷಿಸಬೇಕು. ನೇಮಕ ತಡವಾದರೆ ಜೂನ್ ತಿಂಗಳಲ್ಲೇ ಕನ್ನಡ ಬಲ್ಲ ತಾತ್ಕಾಲಿಕ ಅಧ್ಯಾಪಕರನ್ನು ಇರಿಸಿಕೊಳ್ಳಬೇಕು.

ಇನ್ನು ನಮ್ಮ ಮನೆಗಳ ಮಾತು. ಕೇರಳದಲ್ಲಿ ಶಾಲೆ ತೆರೆದ ಆರನೆಯ ದಿನದ ತಲೆಯೆಣಿಕೆಯ ಮೇಲೆ ಹುದ್ದೆಗಳು ನಿಲ್ಲುತ್ತವೆ, ಬೀಳುತ್ತವೆ. ಕನ್ನಡ ಶಾಲೆ ಉಳಿಯಬೇಕೆಂದು ಸಭೆಯಲ್ಲಿ ಕೈಯೆತ್ತಿದ ಮನೆಯ ಮಗು ಆ ದಿನ ಇಂಗ್ಲಿಷ್ ಶಾಲೆಯ ಬಸ್ಸಿನಲ್ಲಿದ್ದರೆ, ಹುದ್ದೆ ಬಿದ್ದುದಕ್ಕೆ ತಿರುವನಂತಪುರವೊಂದನ್ನೇ ದೂರಿ ಫಲವಿಲ್ಲ. ಮಾಯಿಪ್ಪಾಡಿಯ ತರಬೇತಿ ಕೇಂದ್ರಕ್ಕೆ ನಮ್ಮ ಹುಡುಗ ಹುಡುಗಿಯರು ಹೋಗದಿದ್ದರೆ ನಾಳೆ ಕನ್ನಡ ಬಲ್ಲ ಅಧ್ಯಾಪಕರನ್ನು ಎಲ್ಲಿಂದ ತರುವುದು?

ಪಟ್ಟಣದ ಮಗುವಿಗೆ ಒಂದು ಶಾಲೆ ತಪ್ಪಿದರೆ ಇನ್ನೊಂದಿದೆ. ಗುಡ್ಡದಾಚೆಯ ಬಡ ಮನೆಯ ಮಗುವಿಗೆ ಅದೊಂದೇ ಶಾಲೆ, ಅದೊಂದೇ ಭಾಷೆ. ಬರುವ ಜೂನ್‌ಗೆ ಮೊದಲೇ ಪ್ರತಿಯೊಂದು ರಕ್ಷಕ-ಶಿಕ್ಷಕ ಸಂಘವೂ ತನ್ನ ಶಾಲೆಯಲ್ಲಿ ಯಾವ ಹುದ್ದೆ ಖಾಲಿ, ಯಾವ ತರಗತಿಯಲ್ಲಿ ಪಾಠ ಕನ್ನಡದಲ್ಲಿ ಆಗುತ್ತಿಲ್ಲ ಎಂಬ ಪಟ್ಟಿ ತಯಾರಿಸಿ ಜಿಲ್ಲಾಧಿಕಾರಿಗೂ ಶಾಸಕರಿಗೂ ಒಪ್ಪಿಸಲಿ. ಹುದ್ದೆಯ ಲೆಕ್ಕ ಸರಕಾರ ಇಟ್ಟಿದೆ. ಪಾಠದ ಲೆಕ್ಕ ಹೆತ್ತವರೇ ಇಡಬೇಕು.