ಶಾಲೆಗೆ ಒಂದೇ ಸಂಖ್ಯೆ ಇರಲಿ

ವಿದ್ಯಾರ್ಥಿವೇತನದ ಅರ್ಜಿಗಳು ತಿರಸ್ಕೃತವಾಗುವುದಕ್ಕೆ ಅಂಕಗಳ ಕೊರತೆ, ಆದಾಯದ ಮಿತಿ, ಪ್ರಮಾಣಪತ್ರದ ಲೋಪ ಮೊದಲಾದ ಕಾರಣಗಳನ್ನು ನಾವೆಲ್ಲರೂ ಕೇಳಿದ್ದೇವೆ. ಇವೆಲ್ಲವೂ ವಿದ್ಯಾರ್ಥಿಗೆ ಸಂಬಂಧಪಟ್ಟ ಕಾರಣಗಳು. ಆದರೆ ವಿದ್ಯಾರ್ಥಿಯ ಕಡೆಯಿಂದ ಯಾವ ತಪ್ಪೂ ಇಲ್ಲದೆ, ಅವನು ಓದುವ ಶಾಲೆ ಯಾವುದೆಂಬುದು ಸರಕಾರದ ದಾಖಲೆಗಳಲ್ಲಿ ಸ್ಪಷ್ಟವಾಗದೆ ಇರುವುದರಿಂದಲೂ ಹಣ ನಿಂತುಹೋಗಬಹುದೆಂಬುದು ಬಹುಮಂದಿಗೆ ತಿಳಿಯದು. ಹೊಟೇಲುಗಳಲ್ಲಿ ದುಡಿಯುವವರೂ ಕಛೇರಿಗಳಲ್ಲಿ ಗುಮಾಸ್ತಿಕೆ ಮಾಡುವವರೂ ಆದ ನಮ್ಮ ವಾಚಕರ ಮನೆಗಳಲ್ಲಿ ಈ ಹಣದ ಮೇಲೆ ಮಗುವಿನ ಮುಂದಿನ ವರ್ಷದ ಓದು ನಿಂತಿರುವುದುಂಟು. ಆದುದರಿಂದ ನೋಡುವುದಕ್ಕೆ ಶುಷ್ಕವೆನಿಸುವ ಈ ವಿಷಯವನ್ನು ನಾವಿಂದು ಎತ್ತಿಕೊಂಡಿದ್ದೇವೆ.

ಅರ್ಜಿ ಕಾಗದದ ಮೇಲೆ ಇದ್ದ ಕಾಲದಲ್ಲಿ ಅದು ಮುಖ್ಯೋಪಾಧ್ಯಾಯರ ಸಹಿ ಪಡೆದು ಜಿಲ್ಲಾ ಕಛೇರಿಗೆ ಹೋಗುತ್ತಿತ್ತು. ಅಲ್ಲಿನ ಗುಮಾಸ್ತರಿಗೆ ಆ ಶಾಲೆಯ ಪರಿಚಯವಿರುತ್ತಿತ್ತು. ಹೆಸರಿನಲ್ಲಿ ಒಂದಕ್ಷರ ಹೆಚ್ಚು ಕಡಿಮೆಯಾದರೂ ಅವರು ತಿದ್ದಿಕೊಳ್ಳುತ್ತಿದ್ದರು. ೨೦೧೫ರಲ್ಲಿ ಕೇಂದ್ರ ಸರಕಾರವು ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲನ್ನು ತೆರೆಯಿತು. ಇದಲ್ಲದೆ ಕರ್ನಾಟಕಕ್ಕೆ ಅದರದೇ ಆದ ರಾಜ್ಯ ವಿದ್ಯಾರ್ಥಿವೇತನ ಪೋರ್ಟಲ್ ಇದೆ. ಮಹಾರಾಷ್ಟ್ರಕ್ಕೆ ಮಹಾ ಡಿಬಿಟಿ ಇದೆ. ರಾಷ್ಟ್ರೀಯ ಪೋರ್ಟಲಿನಲ್ಲಿ ವಿದ್ಯಾರ್ಥಿಯು ಪಟ್ಟಿಯಿಂದ ತನ್ನ ಶಾಲೆಯನ್ನು ಆರಿಸಬೇಕು. ಆ ಶಾಲೆಯ ನೋಡಲ್ ಅಧಿಕಾರಿ ಅರ್ಜಿಯನ್ನು ಪರಿಶೀಲಿಸಬೇಕು. ಬಳಿಕ ಜಿಲ್ಲೆಯ ಅಥವಾ ರಾಜ್ಯದ ಅಧಿಕಾರಿ ಒಪ್ಪಿಗೆ ಕೊಡಬೇಕು. ಅನಂತರವೇ ಹಣವು ಖಾತೆಗೆ ಸೇರುವುದು. ಯಂತ್ರಕ್ಕೆ ಯಾವ ಶಾಲೆಯ ಪರಿಚಯವೂ ಇಲ್ಲ. ಅದಕ್ಕೆ ತಿಳಿಯುವುದು ಸಂಖ್ಯೆ ಒಂದೇ. ಸಂಖ್ಯೆ ತಪ್ಪಿದರೆ ಅರ್ಜಿಯು ಬೇರೊಂದು ಶಾಲೆಯ ಕಡತಕ್ಕೆ ಹೋಗಿ ಬೀಳುವುದು. ಆ ಹೆಸರಿನ ವಿದ್ಯಾರ್ಥಿ ತಮ್ಮಲ್ಲಿಲ್ಲವೆಂದು ಅಲ್ಲಿನವರು ಬರೆದರೆ ಅದು ಸುಳ್ಳಲ್ಲ. ಆದರೆ ನಷ್ಟ ಮಾತ್ರ ಮಗುವಿನದು.

ಹಾಗಾದರೆ ಶಾಲೆಗೆ ಸಂಖ್ಯೆಯೇ ಇಲ್ಲವೆ? ಇದೆ, ತೊಂದರೆ ಇರುವುದು ಸಂಖ್ಯೆಗಳು ಹಲವಾಗಿರುವುದರಲ್ಲಿ. ದೇಶದ ಸುಮಾರು ೧೪.೭ ಲಕ್ಷ ಶಾಲೆಗಳಿಗೆ ಕೇಂದ್ರ ಶಿಕ್ಷಣ ಇಲಾಖೆಯ ಯುಡೈಸ್ ಎಂಬ ವ್ಯವಸ್ಥೆಯ ೧೧ ಅಂಕಿಗಳ ಸಂಖ್ಯೆ ಇದೆ. ಮಹಾರಾಷ್ಟ್ರದ ಪರೀಕ್ಷಾ ಮಂಡಳಿಯು ಅದೇ ಶಾಲೆಯನ್ನು ತನ್ನ ಇಂಡೆಕ್ಸ್ ನಂಬರಿನಿಂದ ಗುರುತಿಸುತ್ತದೆ. ಕರ್ನಾಟಕದ ಎಸ್‌ಎಸ್‌ಎಲ್‌ಸಿ ಪರೀಕ್ಷೆಗೆ ಶಾಲಾ ಸಂಕೇತ ಬೇರೆ. ಸಿಬಿಎಸ್‌ಇ ಮಂಡಳಿಯಂತೂ ಒಂದೇ ಶಾಲೆಗೆ ಮಾನ್ಯತಾ ಸಂಖ್ಯೆ ಎಂದು ಒಂದನ್ನೂ ಶಾಲಾ ಸಂಖ್ಯೆ ಎಂದು ಇನ್ನೊಂದನ್ನೂ ಕೊಡುತ್ತದೆ. ಕಾಲೇಜುಗಳ ಗಣತಿಗೆ ೨೦೧೦-೧೧ರಲ್ಲಿ ಆರಂಭವಾದ ಐಷೆ ಎಂಬ ಸಮೀಕ್ಷೆಯ ಸಂಕೇತವಿದ್ದು, ಅದು ‘ಸಿ’ ಎಂಬ ಅಕ್ಷರದಿಂದ ಮೊದಲಾಗುತ್ತದೆ. ಮುಂಬಯಿಯಲ್ಲಿ ಒಂದೇ ಆವರಣದೊಳಗೆ ಜೂನಿಯರ್ ಕಾಲೇಜೂ ಪದವಿ ಕಾಲೇಜೂ ಇರುವುದು ಸಾಮಾನ್ಯ. ಅಲ್ಲಿ ಹನ್ನೆರಡನೆಯ ತರಗತಿಯನ್ನು ಮುಗಿಸಿ ಬಿ.ಕಾಂ.ಗೆ ಸೇರುವ ಹುಡುಗನು ಅದೇ ಹೆಬ್ಬಾಗಿಲಿನಿಂದ ಒಳಗೆ ಹೋಗುತ್ತಾನೆ. ಆದರೆ ದಾಖಲೆಯಲ್ಲಿ ಒಂದು ಗಣತಿಯಿಂದ ಇನ್ನೊಂದು ಗಣತಿಗೆ ದಾಟಿರುತ್ತಾನೆ. ಹೆಸರು ಒಂದೇ ಎಂದು ನಂಬಿ ಪಟ್ಟಿಯಲ್ಲಿ ಹಿಂದಿನದನ್ನೇ ಆರಿಸಿದರೆ ಅರ್ಜಿ ದಾರಿತಪ್ಪುತ್ತದೆ.

ಹೆಸರಿನಿಂದಲೇ ಗುರುತು ಹಿಡಿಯಬಹುದಲ್ಲ ಎಂದು ಕೆಲವರು ಕೇಳಬಹುದು. ಸರಸ್ವತಿಯ ಹೆಸರಿನ ಶಾಲೆಗಳು ಊರೂರಿಗೂ ಇವೆ. ಇಂಗ್ಲಿಷಿನಲ್ಲಿ ಬರೆಯುವಾಗ ‘ಶ್ರೀ’ ಎಂಬ ಒಂದಕ್ಷರಕ್ಕೇ ಮೂರು ನಾಲ್ಕು ಕಾಗುಣಿತಗಳಿವೆ. ನಮ್ಮವರು ‘ವಿದ್ಯಾಲಯ’ ಎಂದು ಪೂರ್ಣವಾಗಿ ಬರೆದುದನ್ನು ಮರಾಠಿ, ಹಿಂದಿ ಬಲ್ಲವರು ಕೊನೆಯ ಸ್ವರವನ್ನು ಬಿಟ್ಟು ಬರೆಯುತ್ತಾರೆ. ವಿಳಾಸವೂ ಸಾಲದು. ಹೊಟೇಲಿನ ಹುಡುಗರು ಕೆಲಸ ಮುಗಿಸಿ ಓದಲು ಹೋಗುತ್ತಿದ್ದ ಮುಂಬಯಿಯ ಕನ್ನಡ ರಾತ್ರಿಶಾಲೆಗಳ ಪರಂಪರೆ ನಮ್ಮ ವಾಚಕರಿಗೆ ಹೊಸದಲ್ಲ. ಹಗಲಲ್ಲಿ ಒಂದು ಶಾಲೆ ನಡೆಯುವ ಕಟ್ಟಡದಲ್ಲಿ ರಾತ್ರಿ ಇನ್ನೊಂದು ಶಾಲೆ ನಡೆಯುವುದುಂಟು. ಬಾಗಿಲು ಒಂದು, ವಿಳಾಸ ಒಂದು, ಶಾಲೆಗಳು ಎರಡು. ಮುಂಬಯಿ ನಗರಪಾಲಿಕೆಯು ಕನ್ನಡವೂ ಸೇರಿದಂತೆ ಹಲವು ಮಾಧ್ಯಮಗಳಲ್ಲಿ ಶಾಲೆಗಳನ್ನು ನಡೆಸುತ್ತದೆ. ಅವುಗಳಲ್ಲಿಯೂ ಒಂದೇ ಕಟ್ಟಡದಲ್ಲಿ ಎರಡು ಮೂರು ಮಾಧ್ಯಮಗಳ ಶಾಲೆಗಳು ಕೂಡಿರುತ್ತವೆ. ಇಂಥಲ್ಲಿ ಹೆಸರು, ವಿಳಾಸಗಳನ್ನು ನಂಬಿದವರು ಮೋಸಹೋಗುವುದು ನಿಶ್ಚಯ.

ಈ ಗೊಂದಲದ ಮೂಲವೆಲ್ಲಿ? ನಮ್ಮ ಅಭಿಪ್ರಾಯದಲ್ಲಿ, ಎಣಿಸುವುದಕ್ಕೆಂದು ಹುಟ್ಟಿದ ಸಂಖ್ಯೆಯನ್ನು ಹಣ ಕೊಡುವ ಕೆಲಸಕ್ಕೂ ಹಚ್ಚಿರುವುದೇ ಇದರ ಮೂಲ. ೧೯೯೪-೯೫ರಲ್ಲಿ ಪ್ರಾಥಮಿಕ ಶಿಕ್ಷಣದ ಯೋಜನೆಗಾಗಿ ಜಿಲ್ಲಾವಾರು ಶಾಲಾ ಮಾಹಿತಿಯ ಸಂಗ್ರಹ ಆರಂಭವಾಯಿತು. ೨೦೧೨-೧೩ರಲ್ಲಿ ಪ್ರೌಢಶಾಲೆಗಳ ಮಾಹಿತಿಯನ್ನೂ ಕೂಡಿಸಿ ಯುಡೈಸ್ ಎಂದು ಕರೆದರು. ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಎಷ್ಟು ಕೊಠಡಿಗಳಿವೆ, ಎಷ್ಟು ಉಪಾಧ್ಯಾಯರಿದ್ದಾರೆ ಎಂದು ತಿಳಿಯುವುದು ಅದರ ಉದ್ದೇಶವಾಗಿತ್ತು. ಆ ಕೆಲಸವನ್ನು ಅದು ಚೆನ್ನಾಗಿಯೇ ಮಾಡಿದೆ. ಆದರೆ ಎಣಿಕೆಯ ನಿಯಮ ಬೇರೆ, ಪಾವತಿಯ ನಿಯಮ ಬೇರೆ. ಇಂದು ಎಷ್ಟು ಊಟವಾಯಿತೆಂದು ಹೊಟೇಲಿನ ಮಾಲಿಕನು ರಾತ್ರಿ ಲೆಕ್ಕ ಹಾಕುವಾಗ ಒಂದೆರಡು ಹೆಚ್ಚು ಕಡಿಮೆಯಾದರೆ ದೊಡ್ಡ ಹಾನಿಯಿಲ್ಲ. ಆದರೆ ಒಂದು ಮೇಜಿನ ಬಿಲ್ಲು ಇನ್ನೊಂದು ಮೇಜಿಗೆ ಹೋದರೆ ಗಲ್ಲೆಯ ಮುಂದೆ ಜಗಳವಾಗುವುದು ತಪ್ಪದು. ಗಣತಿಯಲ್ಲಿ ಒಂದು ಶಾಲೆ ಎರಡು ಸಲ ಬಂದರೆ ಒಟ್ಟು ಮೊತ್ತ ಅಷ್ಟೇನೂ ಕೆಡದು. ವಿದ್ಯಾರ್ಥಿವೇತನದಲ್ಲಿ ಹಾಗಾದರೆ ಒಬ್ಬ ಮಗುವಿನ ವರ್ಷವೇ ಕೆಡುತ್ತದೆ.

ಇದರ ಬೆಲೆ ಎಷ್ಟೆಂಬುದಕ್ಕೆ ಒಂದು ಉದಾಹರಣೆ ಕೊಡುತ್ತೇವೆ. ೨೦೦೮ರಲ್ಲಿ ಆರಂಭವಾದ ರಾಷ್ಟ್ರೀಯ ಆದಾಯ ಸಹಿತ ಪ್ರತಿಭಾ ವಿದ್ಯಾರ್ಥಿವೇತನದ ಯೋಜನೆಯಲ್ಲಿ, ಎಂಟನೆಯ ತರಗತಿಯ ಪರೀಕ್ಷೆಯಲ್ಲಿ ಆಯ್ಕೆಯಾದ ಬಡ ವಿದ್ಯಾರ್ಥಿಗೆ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗೆ ವರ್ಷಕ್ಕೆ ೧೨,೦೦೦ ರೂಪಾಯಿ ಸಿಗಬೇಕು. ಸರಕಾರಿ, ಅನುದಾನಿತ ಮತ್ತು ಸ್ಥಳೀಯ ಸಂಸ್ಥೆಗಳ ಶಾಲೆಗಳಲ್ಲಿ ಓದುವವರಿಗೆ ಮಾತ್ರ ಇದು ಸಲ್ಲುತ್ತದೆ. ಅಂದರೆ ಮಗು ಅರ್ಹವೋ ಅಲ್ಲವೋ ಎಂಬುದು ಅದರ ಶಾಲೆಯನ್ನು ದಾಖಲೆಯಲ್ಲಿ ಯಾವ ವರ್ಗಕ್ಕೆ ಸೇರಿಸಿದ್ದಾರೆ ಎಂಬುದನ್ನು ಅವಲಂಬಿಸಿದೆ. ಅನುದಾನಿತ ಶಾಲೆಯೊಂದು ದಾಖಲೆಯಲ್ಲಿ ಖಾಸಗಿ ಎಂದು ನಮೂದಾಗಿದ್ದರೆ ಪರೀಕ್ಷೆಯಲ್ಲಿ ಗೆದ್ದ ಹುಡುಗಿಯು ಕಾಗದದಲ್ಲಿ ಸೋಲುತ್ತಾಳೆ. ನಾಲ್ಕು ವರ್ಷಗಳಿಗೆ ೪೮,೦೦೦ ರೂಪಾಯಿ ನಮ್ಮ ಮನೆಗಳಲ್ಲಿ ಸಣ್ಣ ಮೊತ್ತವಲ್ಲ.

ಹೊರನಾಡ ಕನ್ನಡಿಗರಿಗೆ ಇನ್ನೂ ಒಂದು ತೊಡಕಿದೆ. ೧೯೪೪ರಿಂದ ನಡೆದುಬಂದಿರುವ ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ವಿದ್ಯಾರ್ಥಿವೇತನವನ್ನು ವಿದ್ಯಾರ್ಥಿಯು ಓದುವ ರಾಜ್ಯವು ಕೊಡುವುದಲ್ಲ. ಅವನು ಯಾವ ರಾಜ್ಯದ ಕಾಯಂ ನಿವಾಸಿಯೋ ಆ ರಾಜ್ಯವು ಕೊಡುವುದು. ವಿಜಯಪುರ ಜಿಲ್ಲೆಯ ಕುಟುಂಬದ ಹುಡುಗನು ಪುಣೆಯಲ್ಲಿ ಓದಿದರೆ ಅವನ ಅರ್ಜಿಯನ್ನು ಕರ್ನಾಟಕವು ನೋಡಬೇಕು; ಅದಕ್ಕಾಗಿ ಮಹಾರಾಷ್ಟ್ರದ ಕಾಲೇಜನ್ನು ಕರ್ನಾಟಕದ ದಾಖಲೆಯು ಗುರುತಿಸಬೇಕು. ೨೦೨೦-೨೧ರಿಂದ ಈ ಯೋಜನೆಯ ವೆಚ್ಚದಲ್ಲಿ ಕೇಂದ್ರವು ೬೦ ಪಾಲು, ರಾಜ್ಯವು ೪೦ ಪಾಲು ವಹಿಸುವುದೆಂದು ಗೊತ್ತಾಗಿದೆ. ಕೇಂದ್ರದ ಪಾಲು ನೇರವಾಗಿ ವಿದ್ಯಾರ್ಥಿಯ ಖಾತೆಗೆ ಬರುವಂತೆ ಏರ್ಪಾಟಾಗಿದೆ. ಒಂದೇ ವೇತನಕ್ಕೆ ಎರಡು ಸರಕಾರಗಳು ಕೈಹಾಕುವಾಗ ಎರಡೂ ಒಂದೇ ಶಾಲೆಯನ್ನು ಒಂದೇ ಸಂಖ್ಯೆಯಿಂದ ಕರೆಯದಿದ್ದರೆ ಕೆಲಸ ಸಾಗುವುದು ಹೇಗೆ?

ಗೊಂದಲದ ಇನ್ನೊಂದು ಮುಖ ವಂಚನೆ. ೨೦೨೩ರಲ್ಲಿ ಕೇಂದ್ರದ ಅಲ್ಪಸಂಖ್ಯಾತ ವ್ಯವಹಾರಗಳ ಸಚಿವಾಲಯವು ತನ್ನ ವಿದ್ಯಾರ್ಥಿವೇತನಗಳಿಗೆ ಸಂಬಂಧಿಸಿದ ೧,೫೭೨ ಸಂಸ್ಥೆಗಳನ್ನು ಪರಿಶೀಲಿಸಿದಾಗ ಅವುಗಳಲ್ಲಿ ೮೩೦ ಸಂಸ್ಥೆಗಳು ನಕಲಿಯೆಂದೋ ನಡೆಯದೆ ಇರುವವೆಂದೋ ಕಂಡುಬಂದವು. ೨೦೧೭-೧೮ರಿಂದ ೨೦೨೧-೨೨ರವರೆಗೆ ೧೪೪.೮೩ ಕೋಟಿ ರೂಪಾಯಿ ನಷ್ಟವಾಯಿತೆಂದು ಲೆಕ್ಕಹಾಕಿ ವಿಷಯವನ್ನು ಸಿಬಿಐಗೆ ಒಪ್ಪಿಸಲಾಯಿತು. ಇಲ್ಲದ ಶಾಲೆಗೆ ಇಲ್ಲದ ಮಕ್ಕಳು! ಒಂದೇ ಸಂಖ್ಯೆ ಇದ್ದಮಾತ್ರಕ್ಕೆ ಕಳ್ಳತನ ನಿಲ್ಲುವುದೆಂದು ನಾವು ಹೇಳಲಾರೆವು. ನಿಜವಾದ ಶಾಲೆಯ ಸಂಖ್ಯೆಯನ್ನು ಕದ್ದು ಉಪಯೋಗಿಸುವವರೂ ಇರುತ್ತಾರೆ. ಸ್ಥಳಕ್ಕೆ ಹೋಗಿ ಬಾಗಿಲು ತಟ್ಟುವ ಅಧಿಕಾರಿ ಬೇಕೇ ಬೇಕು. ಆದರೆ ಪಟ್ಟಿ ಒಂದೇ ಆಗಿದ್ದು, ಮುಚ್ಚಿದ ಶಾಲೆ ಮುಚ್ಚಿದ ದಿನದಿಂದಲೇ ಅದರಲ್ಲಿ ಮುಚ್ಚಿದೆಯೆಂದು ಕಾಣುವಂತಿದ್ದರೆ, ಸತ್ತವರ ಹೆಸರಿನಲ್ಲಿ ಪಡಿತರ ಎತ್ತುವ ಈ ಬಗೆಯ ವ್ಯವಹಾರ ಅಷ್ಟು ಸುಲಭವಾಗಲಾರದು.

ಈಗಿರುವ ಸಂಖ್ಯೆಯ ರಚನೆಯಲ್ಲಿಯೇ ಒಂದು ದೋಷವಿದೆ. ಅದರ ಮೊದಲ ಎರಡು ಅಂಕಿಗಳು ರಾಜ್ಯ, ಮುಂದಿನ ಎರಡು ಜಿಲ್ಲೆ, ಮತ್ತೆರಡು ತಾಲೂಕಿನಂಥ ವಿಭಾಗ, ಮೂರು ಹಳ್ಳಿ ಅಥವಾ ವಾರ್ಡು, ಕೊನೆಯ ಎರಡು ಶಾಲೆ. ಕರ್ನಾಟಕದ್ದು ೨೯ರಿಂದಲೂ ಮಹಾರಾಷ್ಟ್ರದ್ದು ೨೭ರಿಂದಲೂ ತಮಿಳುನಾಡಿನದು ೩೩ರಿಂದಲೂ ಮೊದಲಾಗುತ್ತದೆ. ನೋಡಿದೊಡನೆ ಊರು ತಿಳಿಯುವುದು ಅನುಕೂಲವೇ ಸರಿ. ಆದರೆ ಎಲ್ಲೆಗಳು ಬದಲಾದಾಗ ಸಂಖ್ಯೆಯನ್ನೂ ಬದಲಾಯಿಸಬೇಕೆಂಬ ಪ್ರಶ್ನೆ ಏಳುತ್ತದೆ. ೨೦೧೪ರಲ್ಲಿ ತೆಲಂಗಾಣವು ಬೇರೆಯಾದ ಮೇಲೆ, ಹಿಂದೆ ೨೮ರಿಂದ ಆರಂಭವಾಗುತ್ತಿದ್ದ ಹೈದರಾಬಾದಿನ ಶಾಲೆಗಳ ಸಂಖ್ಯೆ ೩೬ರಿಂದ ಆರಂಭವಾಗತೊಡಗಿತು. ಶಾಲೆ ಅಲ್ಲಿಯೇ ಇದೆ, ಗಂಟೆ ಅದೇ, ಉಪಾಧ್ಯಾಯರು ಅವರೇ; ಸಂಖ್ಯೆ ಮಾತ್ರ ಹೊಸದು. ಕಾಯಂ ಗುರುತಾಗಬೇಕಾದ ಸಂಖ್ಯೆಯ ಹೊಟ್ಟೆಯಲ್ಲಿ ವಿಳಾಸವನ್ನು ಇಡಬಾರದು.

ಸಂಖ್ಯೆ ಬದಲಾದರೆ ಏನಾಗುತ್ತದೆಂಬುದನ್ನು ನಮ್ಮವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಕರಾವಳಿಯಲ್ಲಿ ಹುಟ್ಟಿ ನಮ್ಮ ಉಳಿತಾಯವನ್ನು ಕಾಪಾಡಿದ ವಿಜಯಾ ಬ್ಯಾಂಕು ೨೦೧೯ರಲ್ಲಿ ಬ್ಯಾಂಕ್ ಆಫ್ ಬರೋಡಾದಲ್ಲಿಯೂ, ಸಿಂಡಿಕೇಟ್ ಬ್ಯಾಂಕು ೨೦೨೦ರಲ್ಲಿ ಕೆನರಾ ಬ್ಯಾಂಕಿನಲ್ಲಿಯೂ, ಕಾರ್ಪೊರೇಶನ್ ಬ್ಯಾಂಕು ಅದೇ ವರ್ಷ ಯೂನಿಯನ್ ಬ್ಯಾಂಕಿನಲ್ಲಿಯೂ ವಿಲೀನವಾದವು. ಶಾಖೆಗಳ ೧೧ ಅಕ್ಷರಗಳ ಐಎಫ್‌ಎಸ್‌ಸಿ ಸಂಕೇತಗಳು ಬದಲಾದವು. ಸಿಂಡಿಕೇಟಿನ ಹಳೆಯ ಸಂಕೇತಗಳು ೨೦೨೧ರ ಜುಲೈ ೧ರಿಂದ ನಿಂತುಹೋದವು. ಆದರೆ ಅಲ್ಲಿ ವಿಲೀನದ ಬಳಿಕ ಒಂದು ವರ್ಷಕ್ಕೂ ಮಿಕ್ಕಿ ಹಳೆಯದೂ ನಡೆಯುತ್ತಿತ್ತು. ಹಳೆಯದಕ್ಕೆ ಹೊಸದು ಯಾವುದೆಂದು ಪ್ರಕಟಿಸಲಾಯಿತು. ಗಿರಾಕಿಗಳಿಗೆ ಮುಂಚೆಯೇ ಸೂಚನೆ ಕೊಡಲಾಯಿತು. ಹಣದ ವ್ಯವಹಾರವೆಂದರೆ ಈ ಎಚ್ಚರ ಬೇಕೆಂದು ಬ್ಯಾಂಕುಗಳು ಅರಿತಿವೆ. ಮಕ್ಕಳ ವಿದ್ಯಾರ್ಥಿವೇತನವೂ ಹಣದ ವ್ಯವಹಾರವೇ ಅಲ್ಲವೆ?

ಈ ಕಷ್ಟ ನಮ್ಮ ದೇಶಕ್ಕೆ ಮಾತ್ರ ಸೀಮಿತವಲ್ಲ. ಅಮೆರಿಕದಲ್ಲಿಯೂ ವಿದ್ಯಾರ್ಥಿ ಸಹಾಯಧನವನ್ನು ಕೊಡುವ ವ್ಯವಸ್ಥೆಯು ಕಾಲೇಜನ್ನು ೮ ಅಂಕಿಗಳ ಸಂಖ್ಯೆಯಿಂದ ಕರೆದರೆ, ಅಂಕಿಅಂಶಗಳನ್ನು ಕೂಡಿಸುವ ವಿಭಾಗವು ೬ ಅಂಕಿಗಳ ಬೇರೊಂದು ಸಂಖ್ಯೆಯಿಂದ ಕರೆಯುತ್ತದೆ. ಮೊದಲಿನದರ ಕೊನೆಯ ಎರಡು ಅಂಕಿಗಳು ಶಾಖೆಯನ್ನು ಸೂಚಿಸುತ್ತವೆ. ಅವನ್ನು ಬಿಟ್ಟು ಬರೆದರೆ ಮೂಲ ಕಾಲೇಜೂ ಅದರ ಶಾಖೆಗಳೂ ಒಂದೇ ಆಗಿಬಿಡುತ್ತವೆ. ಇಂಗ್ಲೆಂಡಿನಲ್ಲಿ ಶಾಲೆಗಳ ಒಂದೇ ರಿಜಿಸ್ಟರು ಸಾರ್ವಜನಿಕರಿಗೆ ತೆರೆದಿದೆ. ಶಾಲೆಯೊಂದು ರೂಪ ಬದಲಿಸಿ ಹೊಸ ಸಂಖ್ಯೆ ಪಡೆದರೆ, ಅದಕ್ಕೂ ಹಿಂದಿನದಕ್ಕೂ ಇರುವ ಸಂಬಂಧವನ್ನು ಅದರಲ್ಲಿ ಬರೆದಿಡುತ್ತಾರೆ. ಒಂದು ದೇಶದಿಂದ ಎಚ್ಚರಿಕೆಯನ್ನೂ ಇನ್ನೊಂದರಿಂದ ಪದ್ಧತಿಯನ್ನೂ ನಾವು ಕಲಿಯಬಹುದು.

ಮಾಡಬೇಕಾದುದೇನು? ಮೊದಲನೆಯದಾಗಿ, ಶಾಲೆ, ಕಾಲೇಜು, ಐಟಿಐ ಎಂಬ ಭೇದವಿಲ್ಲದೆ ಪ್ರತಿಯೊಂದು ವಿದ್ಯಾಸಂಸ್ಥೆಗೂ ಒಂದು ಕಾಯಂ ಸಂಖ್ಯೆ ಇರಬೇಕು. ರಾಜ್ಯವಾಗಲಿ ಜಿಲ್ಲೆಯಾಗಲಿ ಬದಲಾದರೂ ಅದು ಬದಲಾಗಕೂಡದು. ಮುಚ್ಚಿದ ಶಾಲೆಯ ಸಂಖ್ಯೆಯನ್ನು ಮತ್ತೊಂದಕ್ಕೆ ಕೊಡಕೂಡದು. ಎರಡನೆಯದಾಗಿ, ಪರೀಕ್ಷಾ ಮಂಡಳಿಗಳು ತಮ್ಮ ಸಂಖ್ಯೆಗಳನ್ನು ಇಟ್ಟುಕೊಳ್ಳಲಿ. ಆದರೆ ಅವೆಲ್ಲವನ್ನೂ ಕಾಯಂ ಸಂಖ್ಯೆಯ ಪಕ್ಕದಲ್ಲಿ ಒಂದೇ ಪುಸ್ತಕದಲ್ಲಿ ಬರೆದಿಡಲಿ. ಮೂರನೆಯದಾಗಿ, ಕೇಂದ್ರದ ಮತ್ತು ರಾಜ್ಯಗಳ ಪೋರ್ಟಲುಗಳು ಶಾಲೆಯ ಹೆಸರು, ವರ್ಗ, ಮಾನ್ಯತೆಗಳನ್ನು ಆ ಒಂದು ಪುಸ್ತಕದಿಂದಲೇ ಪಡೆಯಲಿ. ಪ್ರತಿಯೊಂದೂ ತನ್ನ ಪಟ್ಟಿಯನ್ನು ತಾನೇ ತಯಾರಿಸುವುದು ಬೇಡ. ನಾಲ್ಕನೆಯದಾಗಿ, ಶಾಲೆಯ ಹೆಸರು ಆಯಾ ಮಾಧ್ಯಮದ ಲಿಪಿಯಲ್ಲಿಯೂ ದಾಖಲಾಗಲಿ. ಕೊನೆಯದಾಗಿ, ಸಂಖ್ಯೆಯ ತಪ್ಪಿನಿಂದ ತಡೆಹಿಡಿದ ಅರ್ಜಿಯನ್ನು ತಿರಸ್ಕರಿಸದೆ, ತಿದ್ದಿ ಮುಂದಕ್ಕೆ ಕಳುಹಿಸುವ ಹೊಣೆ ಅಧಿಕಾರಿಯ ಮೇಲಿರಲಿ. ಮಗುವಿಗೆ ಗೊತ್ತಿಲ್ಲದ ಸಂಖ್ಯೆಗಾಗಿ ಮಗುವನ್ನು ದಂಡಿಸುವುದು ನ್ಯಾಯವಲ್ಲ.

ಸರಕಾರವು ಎಚ್ಚರಗೊಳ್ಳುವವರೆಗೆ ನಾವು ಕೈಕಟ್ಟಿ ಕುಳಿತಿರಬೇಕಾಗಿಲ್ಲ. ಪ್ರತಿಯೊಬ್ಬ ತಂದೆತಾಯಿಯೂ ಮಗುವಿನ ಶಾಲೆಯ ಯುಡೈಸ್ ಸಂಖ್ಯೆಯನ್ನು ಶಾಲೆಯ ಕಛೇರಿಯಿಂದ ಬರೆಯಿಸಿಕೊಂಡು ಇಟ್ಟುಕೊಳ್ಳಬೇಕು. ಯುಡೈಸ್‌ನ ಜಾಲತಾಣದಲ್ಲಿ ಆ ಸಂಖ್ಯೆಯ ಮುಂದೆ ಶಾಲೆಯ ಹೆಸರೂ ವರ್ಗವೂ ಸರಿಯಾಗಿವೆಯೇ ಎಂದು ನೋಡಿಸಬೇಕು. ಅರ್ಜಿ ಸಲ್ಲಿಸಿದ ಮೇಲೆ ಅದರ ಪ್ರತಿಯಲ್ಲಿ ಅದೇ ಶಾಲೆ ನಮೂದಾಗಿದೆಯೇ ಎಂದು ಓದಿಸಬೇಕು. ದಿನವಿಡೀ ಊಟದ ಮೇಜುಗಳ ನಡುವೆ ನಿಂತಿರುವ ಬಂಧುಗಳಿಗೆ ಇದಕ್ಕೆ ಬಿಡುವೂ ಇರದು, ಅಭ್ಯಾಸವೂ ಇರದು. ಇಲ್ಲಿಯೇ ನಮ್ಮ ಗುಮಾಸ್ತ ಬಂಧುಗಳ ನೆರವು ಬೇಕಾಗಿದೆ. ದಿನವೂ ಕಡತ, ಸಂಖ್ಯೆಗಳ ನಡುವೆ ಕೆಲಸ ಮಾಡುವವರು ಅರ್ಜಿಯ ತಿಂಗಳುಗಳಲ್ಲಿ ವಾರಕ್ಕೆ ಒಂದು ಸಂಜೆ ತಮ್ಮ ಕನ್ನಡ ಸಂಘದಲ್ಲಿ ಕುಳಿತರೆ ಎಷ್ಟೋ ಮಕ್ಕಳ ಹಣ ಉಳಿದೀತು. ಮುಂಬಯಿಯ, ಪುಣೆಯ, ಹೈದರಾಬಾದಿನ, ಚೆನ್ನೈಯ, ದಿಲ್ಲಿಯ ಸಂಘಗಳು ನಾಟಕ, ಸನ್ಮಾನಗಳ ನಡುವೆ ಈ ಕೆಲಸಕ್ಕೂ ಒಂದು ಮೇಜನ್ನು ಹಾಕಲಿ.

ರಾತ್ರಿಶಾಲೆಯಲ್ಲಿ ಕಣ್ಣುಜ್ಜಿಕೊಂಡು ಓದಿದ ತಲೆಮಾರು ತನ್ನ ಮಕ್ಕಳು ಹಗಲಿನಲ್ಲಿ ಓದಲೆಂದು ದುಡಿದಿದೆ. ಆ ಮಕ್ಕಳಿಗೆ ಸಲ್ಲಬೇಕಾದ ಹಣವು ಹನ್ನೊಂದು ಅಂಕಿಗಳ ಗೊಂದಲದಲ್ಲಿ ಕಳೆದುಹೋಗದಂತೆ ನೋಡಿಕೊಳ್ಳುವುದು ಕೇಂದ್ರದ ಮತ್ತು ರಾಜ್ಯಗಳ ಶಿಕ್ಷಣ ಇಲಾಖೆಗಳ ಕರ್ತವ್ಯ. ಅವು ಕೂಡಿ ಕುಳಿತು ಈ ಒಂದು ಸಂಖ್ಯೆಯನ್ನು ಬೇಗನೆ ಗೊತ್ತುಮಾಡಬೇಕೆಂದು ನಾವು ಆಗ್ರಹಪಡಿಸುತ್ತೇವೆ.