ನಾಣ್ಯ ಚಿಮ್ಮಿದಾಗ ಸಿಕ್ಕ ಪಕ್ಷ

ಅಮೆರಿಕದ ಹೈಸ್ಕೂಲುಗಳಲ್ಲಿ 'ಪಬ್ಲಿಕ್ ಫೋರಂ' ಎಂಬ ಚರ್ಚಾಸ್ಪರ್ಧೆ ಶುರುವಾಗುವುದು ನಾಣ್ಯ ಚಿಮ್ಮುವುದರಿಂದ. ಗೆದ್ದ ಜೋಡಿ ಪರವೋ ವಿರೋಧವೋ ಎಂಬುದನ್ನು, ಇಲ್ಲವೇ ಮೊದಲು ಮಾತಾಡುವುದೋ ಆಮೇಲೋ ಎಂಬುದನ್ನು ಆರಿಸಿಕೊಳ್ಳುತ್ತದೆ. ಉಳಿದ ಆಯ್ಕೆ ಸೋತವರದು. ಬೆಳಿಗ್ಗೆ ಪರ ವಾದಿಸಿದವರೇ ಮಧ್ಯಾಹ್ನ ಅದೇ ವಿಷಯದ ವಿರುದ್ಧ ನಿಲ್ಲಬೇಕಾದೀತು. ತಾವು ನಂಬದ ಮಾತನ್ನು ಮಕ್ಕಳ ಬಾಯಲ್ಲಿ ಆಡಿಸುವುದು ಸರಿಯೇ?

ಈ ತಕರಾರು ಹಳೆಯದು. 1954ರಲ್ಲಿ, ಕಮ್ಯುನಿಸ್ಟ್ ಚೀನಾಕ್ಕೆ ಅಮೆರಿಕ ಮಾನ್ಯತೆ ಕೊಡಬೇಕು ಎಂಬುದು ಅಲ್ಲಿನ ಕಾಲೇಜು ಚರ್ಚೆಗಳ ವಿಷಯವಾದಾಗ, ವೆಸ್ಟ್ ಪಾಯಿಂಟಿನ ಸೇನಾ ಅಕಾಡೆಮಿಯೂ ಅನಾಪೊಲಿಸ್‌ನ ನೌಕಾ ಅಕಾಡೆಮಿಯೂ ಹಿಂದೆ ಸರಿದವು. ಕಮ್ಯುನಿಸ್ಟರ ಬೇಟೆಗಿಳಿದಿದ್ದ ಸೆನೆಟರ್ ಮೆಕಾರ್ಥಿಯ ಕಾಲ, ಪರವಾಗಿ ವಾದಿಸಿ ತೋರಿಸುವುದಕ್ಕೂ ಹೆದರಿಕೆ.

ತಾವು ನಂಬದ ವಾದವನ್ನು ಮಂಡಿಸುವುದರಲ್ಲಿ ನಮಗೆ ಬೆಚ್ಚಿಬೀಳುವಂಥದ್ದೇನೂ ಇಲ್ಲ. ವ್ಯಾಸರಾಯರ 'ನ್ಯಾಯಾಮೃತ' ಅದ್ವೈತವನ್ನು ಖಂಡಿಸುವ ಮೊದಲು ಅದ್ವೈತಿಗಳ ವಾದವನ್ನು ಪೂರ್ವಪಕ್ಷವಾಗಿ ವಿವರವಾಗಿ ಮುಂದಿಡುತ್ತದೆ. ಆದರೆ ಪೂರ್ವಪಕ್ಷ ಬರೆಯುವವರಿಗೆ ತಮ್ಮ ಸಿದ್ಧಾಂತ ಮೊದಲೇ ಗೊತ್ತು. ಹದಿನೈದರ ಹುಡುಗಿಗೆ ಇನ್ನೂ ಸಿದ್ಧಾಂತವೇ ಇಲ್ಲ. ಎರಡೂ ಕಡೆ ನಿಂತು ನೋಡಲು ಅದಕ್ಕಿಂತ ಒಳ್ಳೆಯ ವಯಸ್ಸು ಯಾವುದು? ಇದಕ್ಕೆ ಒಂದು ದಿನದ ಸ್ಪರ್ಧೆ ಸಾಲದು. ಅಲ್ಲಿನ 'ಪಾಲಿಸಿ' ಎಂಬ ಇನ್ನೊಂದು ಬಗೆಯ ಚರ್ಚೆಯಲ್ಲಿ ಇಡೀ ವರ್ಷ ಒಂದೇ ವಿಷಯ. ಹೋದ ಶನಿವಾರ ತನ್ನನ್ನು ಸೋಲಿಸಿದ ವಾದವನ್ನು ಈ ಶನಿವಾರ ತಾನೇ ಎತ್ತಿಕೊಂಡು ಆಡಬಹುದು.

ಅಲ್ಲಿನ ಸ್ಪರ್ಧಿಗಳು ಟಿಪ್ಪಣಿ ಮಾಡಿಕೊಳ್ಳುವ ರೀತಿ ನೋಡಬೇಕು. ಉದ್ದನೆಯ ಹಾಳೆಯಲ್ಲಿ ಒಂದೊಂದು ಭಾಷಣಕ್ಕೂ ಒಂದೊಂದು ಕಾಲಂ. ನಮ್ಮದು ಒಂದು ಬಣ್ಣದ ಪೆನ್ನು, ಎದುರಾಳಿಯದು ಇನ್ನೊಂದು. ವಾದದಿಂದ ಉತ್ತರಕ್ಕೆ ಬಾಣದ ಗುರುತು. ಬಾಣ ಮುಟ್ಟದ ವಾದವನ್ನು ಎದುರಾಳಿ ಒಪ್ಪಿಕೊಂಡಂತೆಯೇ ಲೆಕ್ಕ. ಹಾಗಾಗಿ ಕಿವಿಗೊಡದೆ ಗತಿಯಿಲ್ಲ. ನಮ್ಮ ಶಾಲೆಗಳ ಚರ್ಚಾಸ್ಪರ್ಧೆಯಲ್ಲಿ ಕೊರತೆ ಇರುವುದು ಇದರದೇ. ವೇದಿಕೆಯ ಮೇಲಿನ ಗಣ್ಯರಿಗೆಲ್ಲ ವಂದಿಸಿ, ಮೇಷ್ಟ್ರು ಬರೆದುಕೊಟ್ಟದ್ದನ್ನು ಬಾಯಿಪಾಠ ಒಪ್ಪಿಸಿ ಇಳಿದರೆ ಮುಗಿಯಿತು. ಹಿಂದಿನವನು ಏನು ಹೇಳಿದ ಎಂಬುದರ ಗೊಡವೆ ಯಾರಿಗೂ ಬೇಡ.

ಅಲ್ಲಿಯದು ದೋಷವಿಲ್ಲದ ಪದ್ಧತಿಯೇನಲ್ಲ. ಕೇಳುವುದನ್ನು ಕಲಿಸಿದ ಆ ನಿಯಮವೇ ರೋಗವನ್ನೂ ತಂದಿತು. ಉತ್ತರ ಸಿಗದ ವಾದ ಗೆಲ್ಲುವುದಾದರೆ, ಎದುರಾಳಿಗೆ ಉತ್ತರಿಸಲು ಸಮಯವೇ ಸಾಲದಷ್ಟು ವಾದಗಳನ್ನು ಸುರಿದರಾಯಿತು! ಪಾಲಿಸಿ ಚರ್ಚೆಯ ಪಳಗಿದ ಪಟುಗಳು ನಿಮಿಷಕ್ಕೆ 300 ಪದ ದಾಟಿಸುತ್ತಾರೆ. ಉಸಿರು ಎಳೆದುಕೊಳ್ಳುವ ಸದ್ದು ಕೇಳುತ್ತದೆ, ಹೊಸಬರಿಗೆ ಮಾತು ಕೇಳಿಸುವುದಿಲ್ಲ. ನನಗೆ ತಪ್ಪು ಕಾಣುವುದು ಇಲ್ಲಿ, ಪಕ್ಷ ಬದಲಿಸುವುದರಲ್ಲಿ ಅಲ್ಲ. ಇನ್ನೊಬ್ಬರ ವಾದ ಹೊತ್ತವನು ಅದನ್ನು ತೂಗಿ ನೋಡಿರುತ್ತಾನೆ. ವೇಗಕ್ಕೆ ಬಿದ್ದವನಿಗೆ ತನ್ನದನ್ನೂ ತೂಗುವ ಪುರುಸೊತ್ತಿಲ್ಲ.

ಸಾಮಾನ್ಯ ನಾಗರಿಕರೂ ಕೂತು ತೀರ್ಪು ಕೊಡಬಲ್ಲ ಚರ್ಚೆ ಬೇಕೆಂದು 2002ರಲ್ಲಿ ಪಬ್ಲಿಕ್ ಫೋರಂ ಬಂತು. ತಂಡ ಕಳಿಸುವ ಶಾಲೆಯೇ ತೀರ್ಪುಗಾರರನ್ನೂ ಒದಗಿಸಬೇಕಾದ್ದರಿಂದ ಆ ಕುರ್ಚಿಯಲ್ಲಿ ಎಷ್ಟೋ ಸಲ ಕೂರುವವರು ಅಪ್ಪ ಅಮ್ಮಂದಿರು. ಕ್ಯಾಲಿಫೋರ್ನಿಯಾದಲ್ಲಾದರೆ ಅವರಲ್ಲಿ ನಮ್ಮ ಕಡೆಯ ಸಾಫ್ಟ್‌ವೇರಿನವರೂ ಇದ್ದಾರು. ತರಬೇತಿಯಿಲ್ಲದವರ ತೀರ್ಪೆಂದು ಮಕ್ಕಳು ಗೊಣಗುತ್ತಾರೆ. ಗೊಣಗಲಿ, ಅಂಥವರ ಮುಂದೆ ಅವರು ನಿಧಾನವಾಗಿ, ಬಿಡಿಸಿ ಹೇಳುತ್ತಾರೆ.